ಕೈಗೆ ದಾರಿ ತೋರುವ ಕನ್ನಡ

ನಮ್ಮಲ್ಲಿ ವಿಮರ್ಶೆಯೆಂದರೆ ಕಥೆ, ಕವನ, ಕಾದಂಬರಿಗಳಿಗೆ ಮೀಸಲಾದದ್ದು ಎಂಬ ರೂಢಿ ಬೆಳೆದುಬಿಟ್ಟಿದೆ. ಪ್ರೆಷರ್ ಕುಕ್ಕರಿನ ಜೊತೆ ಬರುವ ಸೂಚನೆಯ ಚೀಟಿಯನ್ನು ಯಾರೂ ವಿಮರ್ಶೆಗೆ ಎತ್ತಿಕೊಳ್ಳುವುದಿಲ್ಲ. ಆದರೆ ಕವನ ಅರ್ಥವಾಗದಿದ್ದರೆ ಓದುಗನಿಗೆ ಆಗುವ ನಷ್ಟ ಅಷ್ಟಕ್ಕಷ್ಟೆ. ಚೀಟಿ ಅರ್ಥವಾಗದಿದ್ದರೆ ಕೈ ಸುಡುತ್ತದೆ. ಆದುದರಿಂದ ತಾಂತ್ರಿಕ ಬರವಣಿಗೆಯನ್ನೂ ಸಾಹಿತ್ಯದಷ್ಟೇ ನಿಷ್ಠುರವಾಗಿ ತೂಗಿ ನೋಡುವುದು ಅಗತ್ಯ.

ಈ ಬಗೆಯ ಬರವಣಿಗೆ ಕನ್ನಡಕ್ಕೆ ಹೊಸದೇನೂ ಅಲ್ಲ. ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ ಕ್ರಿ.ಶ. 1025ರ ಸುಮಾರಿನದು. ನೆಲದಲ್ಲಿ ನೀರಿನ ಸೆಲೆ ಕಂಡುಕೊಳ್ಳುವುದು, ಗಿಡಮರಗಳ ಆರೈಕೆ, ಅಡುಗೆ, ವೈದ್ಯ ಹೀಗೆ ಸಂಸಾರಿಗೆ ಬೇಕಾದುದೆಲ್ಲ ಅದರಲ್ಲಿದೆ. 14ನೆಯ ಶತಮಾನದ ಮಂಗರಾಜ ವಿಷಚಿಕಿತ್ಸೆಯನ್ನು ಕುರಿತು ‘ಖಗೇಂದ್ರಮಣಿದರ್ಪಣ’ ಬರೆದ. ಇವರು ಪದ್ಯವನ್ನು ಆರಿಸಿಕೊಂಡದ್ದು ಬರಿಯ ಅಲಂಕಾರಕ್ಕಲ್ಲ. ಓಲೆಗರಿ ಎಲ್ಲರ ಮನೆಯಲ್ಲಿ ಇರದ ಕಾಲದಲ್ಲಿ ಬಾಯಿಪಾಠಕ್ಕೆ ಒದಗುವುದು ಪದ್ಯವೇ. ಬಳಸುವವನ ಅನುಕೂಲವೇ ಬರೆಯುವವನ ಛಂದಸ್ಸನ್ನು ತೀರ್ಮಾನಿಸಿತ್ತು.

ನಮಗೆ ಹತ್ತಿರದ ಕಾಲದಲ್ಲಿ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಬರೆದರು, ಬಿ.ಜಿ.ಎಲ್. ಸ್ವಾಮಿಯವರು ‘ಹಸುರು ಹೊನ್ನು’ವಿನಲ್ಲಿ ಸಸ್ಯಶಾಸ್ತ್ರವನ್ನು ನಗುನಗುತ್ತ ಓದಿಸಿದರು. ಇಂಥವರ ಋಣ ದೊಡ್ಡದು. ಆದರೆ ಅವು ವಿವರಿಸುವ ಗ್ರಂಥಗಳು. ಓದುಗ ಕುರ್ಚಿಯಲ್ಲಿ ಕುಳಿತು ಓದುತ್ತಾನೆ, ಬೆರಗುಪಡುತ್ತಾನೆ. ಒಂದು ಸಾಲು ತಪ್ಪಾಗಿ ತಿಳಿದರೂ ಮನೆಯಲ್ಲಿ ಅನಾಹುತವಾಗದು. ಸೂಚನೆಯನ್ನು ಓದುವವನಾದರೋ ನಿಂತು, ಒಂದು ಕೈಯಲ್ಲಿ ಚೀಟಿ, ಇನ್ನೊಂದು ಕೈಯಲ್ಲಿ ಯಂತ್ರ ಹಿಡಿದಿರುತ್ತಾನೆ. ಇವನಿಗಾಗಿ ಬರೆಯುವ ಕಲೆಯನ್ನು ನಾವು ಇನ್ನೂ ಸರಿಯಾಗಿ ಕಲಿತಿಲ್ಲ.

“ಉಪಯೋಗಕ್ಕೆ ಮುನ್ನ ಆವಿನಳಿಕೆಯ ಅಡೆತಡೆರಾಹಿತ್ಯವನ್ನು ಖಚಿತಪಡಿಸಿಕೊಳ್ಳತಕ್ಕದ್ದು.” ಈ ಜಾತಿಯ ವಾಕ್ಯ ನಮಗೆಲ್ಲ ಪರಿಚಿತ. ವ್ಯಾಕರಣದೋಷವಿಲ್ಲ, ಆದರೆ ಕೈ ಏನು ಮಾಡಬೇಕು ಎಂಬುದೇ ಇದರಲ್ಲಿಲ್ಲ. “ಮುಚ್ಚಳದಲ್ಲಿ ವಿಸಿಲ್ ಕೂರಿಸುವ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ. ಆಚೆಯ ಬೆಳಕು ಕಾಣದಿದ್ದರೆ ಒಳಗೆ ಅನ್ನವೋ ಬೇಳೆಯೋ ಸಿಕ್ಕಿಕೊಂಡಿದೆ. ಅದನ್ನು ತೆಗೆಯದೆ ಒಲೆಯ ಮೇಲೆ ಇಡಬೇಡಿ.” ಮಾತು ಹೆಚ್ಚಾಯಿತು, ನಿಜ, ಆದರೆ ಕಣ್ಣಿಗೆ ಒಂದು ಕೆಲಸ, ಕೈಗೆ ಒಂದು ಕೆಲಸ ಸಿಕ್ಕಿತು. ಇಪ್ಪತ್ತು ವರ್ಷ ಕೇಂದ್ರ ಸರಕಾರದ ಕಡತಗಳ ನಡುವೆ ಕಳೆದವನಾಗಿ ಹೇಳುತ್ತೇನೆ: ಯಾರು ಮಾಡಬೇಕು ಎಂಬುದು ತಿಳಿಯದಂತೆ ಬರೆಯುವುದೂ ಒಂದು ವಿದ್ಯೆ. ಕಚೇರಿಯಲ್ಲಿ ಅದಕ್ಕೆ ಬೆಲೆಯುಂಟು, ಅಡುಗೆಮನೆಯಲ್ಲಿ ಇಲ್ಲ.

ಕನ್ನಡದಲ್ಲಿ ಪದಗಳಿಲ್ಲ ಎಂಬ ಹಳೆಯ ಆಕ್ಷೇಪಕ್ಕೆ ಇಲ್ಲಿ ಹುರುಳಿಲ್ಲ. ವಿಸಿಲ್, ರೆಗ್ಯುಲೇಟರ್, ಸಿರಿಂಜ್ ಎಲ್ಲವೂ ಹಳ್ಳಿಯ ಬಾಯಲ್ಲಿ ಎಂದೋ ಕನ್ನಡವಾಗಿವೆ. ಪಾಠಪುಸ್ತಕಕ್ಕೆ ಹೊಸ ಪದ ಟಂಕಿಸುವುದು ಬೇರೆ ಮಾತು. ಸೂಚನೆಗೆ ಬೇಕಾದದ್ದು ಬಳಸುವವರ ಪದ. ಕೊರತೆ ಇರುವುದು ವಾಕ್ಯದಲ್ಲಿ. ಇಂಗ್ಲಿಷಿನ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು “ಸ್ವಿಚ್ ಮುಟ್ಟಬೇಡಿ, ಒಂದು ವೇಳೆ ಗ್ಯಾಸಿನ ವಾಸನೆ ಬಂದಲ್ಲಿ” ಎಂದು ಬರೆಯುತ್ತೇವೆ. ನಮ್ಮ ಭಾಷೆಯ ಸಹಜ ನಡೆ “ಗ್ಯಾಸಿನ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ” ಎಂದು. ಸಂದರ್ಭ ಮೊದಲು, ಕೆಲಸ ಆಮೇಲೆ. ‘ಬಿಚ್ಚಿ, ತೊಳೆದು, ಒಣಗಿಸಿ, ಜೋಡಿಸಿ’ ಎಂಬಲ್ಲಿ ಕ್ರಿಯಾಪದಗಳು ಕೆಲಸದ ಕ್ರಮದಲ್ಲೇ ಸಾಲಾಗಿ ನಿಲ್ಲುತ್ತವೆ. ಸೂಚನೆಗೆ ಇಷ್ಟು ಒಗ್ಗುವ ಭಾಷೆಯನ್ನು ಕೈಯಲ್ಲಿಟ್ಟುಕೊಂಡು ನಾವು ತರ್ಜುಮೆಯ ಊರುಗೋಲು ಹಿಡಿದಿದ್ದೇವೆ.

ಈ ವಿಷಯ ಹೊರನಾಡಿನ ಕನ್ನಡಿಗರಿಗೆ ಇನ್ನಷ್ಟು ಹತ್ತಿರದ್ದು. ಊರಿನಿಂದ ಬಂದ ತಾಯಿತಂದೆಯರು ಕನ್ನಡ ಮಾತ್ರ ಓದಬಲ್ಲರು. ಔಷಧದ ಪೆಟ್ಟಿಗೆಯ ಮೇಲೆ ಕನ್ನಡವಿಲ್ಲ. ಕೆಲಸಕ್ಕೆ ಹೊರಡುವ ಮಗನೋ ಸೊಸೆಯೋ ಒಂದು ಚೀಟಿ ಬರೆದಿಟ್ಟು ಹೋಗಬೇಕು. ಇನ್ಸುಲಿನ್ ಮಾತನ್ನೇ ತೆಗೆದುಕೊಳ್ಳಿ. ನಮ್ಮ ದೇಶದಲ್ಲಿ ಸೀಸೆಯಲ್ಲಿ ಬರುವ ಇನ್ಸುಲಿನ್ ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್. 100 ಯೂನಿಟ್ಟಿನ ಸೀಸೆಗಳೂ ಉಂಟು. 40ಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ ಬಣ್ಣದ ಮುಚ್ಚಳದ್ದು. 40ರ ಇನ್ಸುಲಿನ್ನನ್ನು 100ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಮೈಗೆ ಸೇರುವುದು 8 ಯೂನಿಟ್ ಮಾತ್ರ. ಅದಲುಬದಲಾಗಿ 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ ಎಳೆದರೆ 50 ಯೂನಿಟ್, ಪ್ರಾಣಕ್ಕೇ ಅಪಾಯ. “20 ಯೂನಿಟ್ ತೆಗೆದುಕೊಳ್ಳಿ” ಎಂಬ ಚೀಟಿ ಸರಿಯಾಗಿದ್ದೂ ಸಾಲದು. ಸಾರಿಗೆ ‘ರುಚಿಗೆ ತಕ್ಕಷ್ಟು ಉಪ್ಪು’ ಎಂದರೆ ನಡೆದೀತು, ಇಲ್ಲಿ ನಡೆಯದು. 40ರ ಸೀಸೆ ಬಳಸುವ ಮನೆಯಲ್ಲಿ ಹೀಗೆ ಬರೆಯಬೇಕು: “ಸೀಸೆಯ ಮೇಲೆ 40 ಎಂದಿದೆಯೇ ನೋಡಿ. ಸಿರಿಂಜಿನ ಮೇಲೂ 40 ಇರಬೇಕು, ಮುಚ್ಚಳ ಕೆಂಪಾಗಿರಬೇಕು. ಒಂದು ಬೇರೆಯಿದ್ದರೂ ಚುಚ್ಚಿಕೊಳ್ಳಬೇಡಿ, ಫೋನ್ ಮಾಡಿ.” ಅಂಕಿಯನ್ನು ಅಭಿಮಾನದಿಂದ ೪೦ ಎಂದು ಬರೆಯುವುದೂ ಇಲ್ಲಿ ಸಲ್ಲದು, ಸಿರಿಂಜಿನ ಮೇಲೆ ಕಾಣುವುದು 40.

ಈ ಕೌಶಲ ಹುಟ್ಟಿನಿಂದ ಬರುವುದೇ, ಕಲಿತರೆ ಬರುವುದೇ? ಇದಕ್ಕೆ ಉತ್ತರವಾಗಿ ಪುತ್ತೂರಿನ ‘ಅಡಿಕೆ ಪತ್ರಿಕೆ’ ನಮ್ಮ ಮುಂದಿದೆ. 1988ರಲ್ಲಿ ಆರಂಭವಾದ ಈ ಮಾಸಪತ್ರಿಕೆ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಶ್ರೀಪಡ್ರೆಯವರೂ ಸಂಗಡಿಗರೂ ತೋಟದಲ್ಲಿ ದುಡಿಯುವವರನ್ನು ಕೂರಿಸಿ ಬರೆಯುವುದನ್ನು ಕಲಿಸಿದರು. ಮಾಡಿ ನೋಡಿದವನೇ ಬರೆದಾಗ ಎಷ್ಟು ಆಳ, ಎಷ್ಟು ಖರ್ಚು, ಎಲ್ಲಿ ಕೆಟ್ಟಿತು ಎಂಬ ಪ್ರಶ್ನೆಗಳಿಗೆ ಉತ್ತರ ತಾನಾಗಿ ಬರುತ್ತದೆ. ಪಂಡಿತ ಬರೆದರೆ ವ್ಯಾಖ್ಯೆಯಿಂದ ಆರಂಭ, ಕೃಷಿಕ ಬರೆದರೆ ಗುಂಡಿಯಿಂದ ಆರಂಭ. ಹಾಗೆಂದು ಅನುಭವವೊಂದೇ ಸಾಲದು. ಕೈಪಳಗಿದವನು ತನಗೆ ಸಲೀಸಾದ ಹೆಜ್ಜೆಗಳನ್ನು ಹೇಳದೆ ಬಿಡುತ್ತಾನೆ. ಬಿಟ್ಟದ್ದನ್ನು ಹುಡುಕಿ ಕೇಳುವ ಸಂಪಾದಕ ಅವನಿಗೂ ಬೇಕು.

ಮನೆಯಲ್ಲಿ ಆ ಸಂಪಾದಕನ ಕೆಲಸವನ್ನು ಯಾರು ಮಾಡಬೇಕು? ಚೀಟಿ ಓದುವವರೇ. ಬರೆದದ್ದನ್ನು ಅವರ ಕೈಗೆ ಕೊಟ್ಟು, ಬಾಯಿ ಮುಚ್ಚಿಕೊಂಡು ನೋಡಬೇಕು. ಅವರು ಎಲ್ಲಿ ತಡೆದು ನಿಲ್ಲುತ್ತಾರೋ ಅಲ್ಲಿ ವಾಕ್ಯ ಕೆಟ್ಟಿದೆ, ಅವರ ಬುದ್ಧಿಯಲ್ಲ.

ರಾಜ್ಯೋತ್ಸವದ ಪ್ರಬಂಧ ಸ್ಪರ್ಧೆಗೆ ಕನ್ನಡಮ್ಮನ ಗುಣಗಾನವನ್ನೇ ವಿಷಯವಾಗಿ ಕೊಡುವ ನಮ್ಮ ಸಂಘಗಳು ಒಂದು ವರ್ಷ ಬೇರೆ ವಿಷಯ ಕೊಟ್ಟು ನೋಡಲಿ: ಗ್ಯಾಸ್ ಸಿಲಿಂಡರ್ ಬದಲಾಯಿಸುವ ಕ್ರಮ, ಹತ್ತು ಸಾಲಿಗೆ ಮೀರದಂತೆ. ತೀರ್ಪುಗಾರರ ಸ್ಥಾನಕ್ಕೆ ಪ್ರಾಧ್ಯಾಪಕರ ಬದಲು ಇಂಗ್ಲಿಷ್ ಬಾರದ ಮೂವರು ಅಜ್ಜಿಯರನ್ನು ಕರೆಯಲಿ. ಕನ್ನಡದ ನಿಜವಾದ ಶಕ್ತಿ ಎಷ್ಟೆಂಬುದು ಅಲ್ಲಿ ಗೊತ್ತಾಗುತ್ತದೆ.