ಕಾಲಯಾನದ ಕಥೆ ಓದುವವರಿಗೆ

ಕಾಲಯಾನದ ಕಥೆ ಮುಗಿದ ಕೂಡಲೇ ‘ಹೋದದ್ದು ಹೇಗೆ, ಯಂತ್ರ ಎಂಥದ್ದು?’ ಎಂದು ಕೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಈ ಚಟ ಹಚ್ಚಿದ್ದು ಸಿನಿಮಾ: ಮಿಂಚು, ಹೊಗೆ, ಗಿರ್ರನೆ ತಿರುಗುವ ಗಡಿಯಾರದ ಮುಳ್ಳು. ಅದರಲ್ಲೇನಿದೆ? ಬೇರೆ ಕಾಲಕ್ಕೆ ಕಾಲಿಟ್ಟವನಿಗೆ ಮನೆಯವರಲ್ಲಿ ಯಾರು ಸಿಗಲಿಲ್ಲ ಎಂಬುದನ್ನು ನೋಡಿ.

ಕೊಲ್ಹಾಪುರದಲ್ಲಿ ಹುಟ್ಟಿದ ವಿಜ್ಞಾನಿ ಜಯಂತ ನಾರ್ಳೀಕರರ ‘ಗಂಗಾಧರಪಂತಾಂಚೆ ಪಾನಿಪತ’ ಕಥೆಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಯಂತ್ರವೇ ಇಲ್ಲ. ಪುಣೆಯ ಇತಿಹಾಸ ಪ್ರಾಧ್ಯಾಪಕ ಗಂಗಾಧರಪಂತರು ಮುಂಬೈಯಲ್ಲಿ ರೈಲಿಳಿದರೆ ಅಲ್ಲಿ ಈಸ್ಟ್ ಇಂಡಿಯಾ ಕಂಪನಿ ಇನ್ನೂ ಇದೆ. 1761ರ ಪಾಣಿಪತ್ ಕಾಳಗದಲ್ಲಿ ನಿಜಕ್ಕೂ ಗುಂಡಿಗೆ ಬಲಿಯಾದ ಪೇಶ್ವೆಯ ಮಗ ವಿಶ್ವಾಸರಾಯ ಬದುಕುಳಿದು, ಮರಾಠರು ಗೆದ್ದ ಜಗತ್ತು ಅದು. ಎಲ್ಲರೂ ಆ ಗೆಲುವಿಗೇ ಹಿಗ್ಗುತ್ತಾರೆ. ಅದಕ್ಕೂ ಮೊದಲು ಬರುವ ಒಂದು ಪ್ರಸಂಗವನ್ನು ದಾಟಿಬಿಡುತ್ತಾರೆ. ಪಂತರು ಮಗ ವಿನಯನ ಕಚೇರಿಗೆ ಹೋಗಿ ಅವನನ್ನು ಕೇಳುತ್ತಾರೆ. ಅಲ್ಲಿಯ ಹುಡುಗಿ ಎಲ್ಲ ಶಾಖೆಗಳ ಪಟ್ಟಿ ಹುಡುಕಿ, ಆ ಹೆಸರಿನವರು ಯಾರೂ ಇಲ್ಲ ಎನ್ನುತ್ತಾಳೆ. ಈ ಜಗತ್ತಿನಲ್ಲಿ ಮಗ ಹುಟ್ಟಿಯೇ ಇರಲಿಕ್ಕಿಲ್ಲ ಎಂಬುದು ಅಪ್ಪನಿಗೆ ಹೊಳೆಯುತ್ತದೆ. ಆಮೇಲೆ? ಹುಡುಗಿಗೆ ಧನ್ಯವಾದ ಹೇಳಿ, ಇತಿಹಾಸದ ಒಗಟು ಬಿಡಿಸಲು ಏಷ್ಯಾಟಿಕ್ ಸೊಸೈಟಿಯ ಗ್ರಂಥಾಲಯದ ದಾರಿ ಹಿಡಿಯುತ್ತಾರೆ!

ನಾರ್ಳೀಕರರು ಅಲ್ಲಿ ನಿಲ್ಲುವುದಿಲ್ಲ. ಓದುಗ ನಿಲ್ಲಬೇಕು. ನನಗಿದು ತಿಳಿದದ್ದು ಮಿರಜದ ಒಂದು ಮನೆಯಲ್ಲಿ ಈ ಕಥೆ ಓದಿಸಿದಾಗ. ಗಂಡಸರೆಲ್ಲ ಪೇಶ್ವೆಗಳ ತೋಪು, ಕುದುರೆ ಎಣಿಸುತ್ತಿದ್ದರು. ಮೂಲೆಯಲ್ಲಿ ಕುಳಿತಿದ್ದ ಅಜ್ಜಿ ಕೇಳಿದಳು: ‘ಮಗಾ ಇಲ್ಲಂದ ಮ್ಯಾಲ ಆ ಮನಶ್ಯಾ ಅಲ್ಲೇ ಕೂಡ್ಲಿಲ್ಲೇನು?’ ವಿಮರ್ಶೆ ಎಂದರೆ ಅದು.

ಇನ್ನೊಂದು ಅಭ್ಯಾಸ ಮಾಡಿ: ಕಥೆಯನ್ನು ನಿಮ್ಮ ಊರಿಗೆ ತನ್ನಿ, ಉದಾಹರಣೆಗೆ ಮಿರಜಕ್ಕೆ, ಸಾಂಗಲಿಗೆ. ವಿಶ್ವಾಸರಾಯ ಬದುಕಿದ್ದರೆ ತಮ್ಮ ಮಾಧವರಾಯ ಪೇಶ್ವೆಯಾಗುತ್ತಿರಲಿಲ್ಲ. ಮಿರಜ ಪಟವರ್ಧನರ ಕೈಗೆ ಬಂದದ್ದು ಮಾಧವರಾಯನ ಕಾಲದಲ್ಲಿ. ಆ ಮನೆತನದ ಚಿಂತಾಮಣರಾಯ ಚಿಕ್ಕಪ್ಪನೊಡನೆ ಜಗಳವಾಡಿ 1801ರಲ್ಲಿ ಪಾಲು ತೆಗೆದುಕೊಂಡದ್ದರಿಂದ ಸಾಂಗಲಿ ಸಂಸ್ಥಾನವಾಯಿತು. ಕರ್ನಾಟಕದಿಂದ ಬಂದ ಭಾಗವತರ ಆಟ ಕಂಡು ಮೆಚ್ಚಿ, ಅಂಥದ್ದೇ ಮರಾಠಿಯಲ್ಲಿ ಆಗಲೆಂದು ವಿಷ್ಣುದಾಸ ಭಾವೆಯವರಿಂದ 1843ರಲ್ಲಿ ‘ಸೀತಾ ಸ್ವಯಂವರ’ ಆಡಿಸಿದವನೂ ಇದೇ ಚಿಂತಾಮಣರಾಯ. ಒಂದು ಗುಂಡು ಗುರಿ ತಪ್ಪಿದ್ದರೆ ಆ ಮನೆಜಗಳವೂ ಇಲ್ಲ, ಆ ನಾಟಕವೂ ಇಲ್ಲ. ಸಾಂಗಲಿಯಲ್ಲಿ ನಿಂತು ಇಷ್ಟನ್ನು ಯೋಚಿಸದವರು ಕಥೆಯನ್ನು ಅರ್ಧವೇ ಓದಿದ್ದಾರೆ.

ಸಮಾಂತರ ಜಗತ್ತು, ಕ್ವಾಂಟಂ ವಾದ ಇವೆಲ್ಲ ಕಥೆಯ ಕೊನೆಯಲ್ಲಿವೆ, ಅವಸರವಿಲ್ಲ. ಹೀಗೇ ಯಂತ್ರವಿಲ್ಲದೆ ಬೇರೆ ಕಾಲಕ್ಕೆ ಕಾಲಿಟ್ಟ, ಭಾಗವತ ಪುರಾಣದ ಕಕುದ್ಮಿ ರಾಜನನ್ನು ಮಾತ್ರ ಮರೆಯಬೇಡಿ. ಮಗಳು ರೇವತಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋಗಿ, ಗಾಯನ ಮುಗಿಯಲೆಂದು ಅರೆಗಳಿಗೆ ಕಾದ. ಅಷ್ಟರಲ್ಲಿ ಭೂಮಿಯ ಮೇಲೆ 27 ಚತುರ್ಯುಗಗಳು ಕಳೆದು, ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರಗಳ ಮೊಮ್ಮಕ್ಕಳ ಹೆಸರೂ ಉಳಿದಿರಲಿಲ್ಲ. ಕೊನೆಗೆ ಸಿಕ್ಕ ವರ ಬಲರಾಮ. ಮೊದಲು ಇದನ್ನು ಓದಿ, ಆಮೇಲೆ ನಾರ್ಳೀಕರರನ್ನು ತೆಗೆಯಿರಿ. ಕಚೇರಿಯ ಆ ಪುಟ ಬಂದಾಗ ದಯವಿಟ್ಟು ಓಡಬೇಡಿ.