ಜಾಫರನ ಸೆರೆಮನೆಯಲ್ಲಿ ಒಂದು ಗಂಟೆ

ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಕಲಿಯಲು ಹೋದವರಿಗೆ 'ಪ್ರಿನ್ಸ್ ಆಫ್ ಪರ್ಶಿಯಾ' ಎಂಬ ಆಟ ನೆನಪಿರಬಹುದು. ಮೇಷ್ಟ್ರು ಚಹಾ ಕುಡಿಯಲು ಹೊರಟರೆಂದರೆ ಯಾರದೋ ಕಿಸೆಯಿಂದ ಫ್ಲಾಪಿ ಹೊರಬರುತ್ತಿತ್ತು. ನಮ್ಮ ಗುಂಪಿನಲ್ಲಿ ಜಾಫರ್ ಎಂಬ ಗೆಳೆಯನಿದ್ದ. ಆಟದ ಖಳನಾಯಕನ ಹೆಸರೂ ಅದೇ. ಸೋತಾಗಲೆಲ್ಲ ಎಲ್ಲರೂ ಅವನ ಬೆನ್ನಿಗೆ ಗುದ್ದುತ್ತಿದ್ದೆವು. ಅವನೂ ನಗುತ್ತಿದ್ದ. ಈಚೆಗೆ ಆ ಆಟವನ್ನು ಮತ್ತೆ ಆಡಿದಾಗ ಆ ನಗು ನೆನಪಾಗಿ ತುಸು ಕಸಿವಿಸಿಯಾಯಿತು.

ಅಮೆರಿಕದ ಜೋರ್ಡನ್ ಮೆಕ್ನರ್ ಆಪಲ್ 2 ಕಂಪ್ಯೂಟರಿಗಾಗಿ ರೂಪಿಸಿದ ಈ ಆಟ ಹೊರಬಂದದ್ದು 1989ರಲ್ಲಿ. ಮಾರಿಯೋ ಮಾದರಿಯ ಆಟಗಳಲ್ಲಿ ನಾಯಕ ಓಡಿದಂತೆ ದೃಶ್ಯವೂ ಪಕ್ಕಕ್ಕೆ ಜಾರುತ್ತದೆ. ಇಲ್ಲಿ ಪುಟ ಮಗುಚಿದಂತೆ ಒಂದು ಕೋಣೆ ಹೋಗಿ ಇನ್ನೊಂದು ಬರುತ್ತದೆ. ಅರವತ್ತು ನಿಮಿಷದೊಳಗೆ ನೆಲಮಾಳಿಗೆಯಿಂದ ಗೋಪುರದವರೆಗೆ ಹತ್ತಿ, ವಜೀರನನ್ನು ಸೋಲಿಸಿ, ಸುಲ್ತಾನನ ಮಗಳನ್ನು ಬಿಡಿಸಬೇಕು. ಸತ್ತರೆ ಆ ಹಂತವನ್ನು ಮತ್ತೆ ಆಡಬಹುದು. ಕಳೆದುಹೋದ ನಿಮಿಷಗಳು ಮಾತ್ರ ಮರಳುವುದಿಲ್ಲ.

ಇದರ ದೊಡ್ಡ ಗುಣ ದೇಹದ ಭಾರ. ಮಾರಿಯೋ ಗಾಳಿಯಲ್ಲೇ ದಿಕ್ಕು ಬದಲಿಸಬಲ್ಲ. ಈ ಹುಡುಗ ಒಮ್ಮೆ ಹಾರಿದನೆಂದರೆ ಹಾರಿದಂತೆಯೇ. ಓಡುತ್ತಿದ್ದವನು ತಟ್ಟನೆ ನಿಲ್ಲಲಾರ, ಎರಡು ಹೆಜ್ಜೆ ಜಾರಿಯೇ ನಿಲ್ಲುತ್ತಾನೆ. ಒಂದು ಅಂತಸ್ತು ಬಿದ್ದರೆ ಏನೂ ಆಗದು, ಎರಡು ಬಿದ್ದರೆ ಜೀವದಲ್ಲೊಂದು ಪಾಲು ಹೋಗುತ್ತದೆ, ಮೂರು ಬಿದ್ದರೆ ಕತೆ ಮುಗಿಯಿತು. ನೆಲದಿಂದ ಏಳುವ ಮೊಳೆಗಳ ನಡುವೆ ಓಡಿದವನು ಸಾಯುತ್ತಾನೆ, ಮೆಲ್ಲಗೆ ಹೆಜ್ಜೆಯಿಟ್ಟವನು ದಾಟುತ್ತಾನೆ. ಮೆಕ್ನರ್ ತಮ್ಮ ಕಿರಿಯ ಸಹೋದರ ಓಡುವುದನ್ನು, ಜಿಗಿಯುವುದನ್ನು ವಿಡಿಯೋದಲ್ಲಿ ಹಿಡಿದು, ಒಂದೊಂದು ಚಿತ್ರವನ್ನೂ ನಕಲಿಳಿಸಿದ್ದರು. ಆ ಹುಡುಗ ಅಂಚಿಗೆ ಜೋತುಬಿದ್ದಾಗ ಆಡುವವನ ಅಂಗೈಯೂ ಬೆವರುತ್ತಿದ್ದುದು ಅದಕ್ಕೇ.

ಹೆಜ್ಜೆಗೆ ತೋರಿದ ಈ ನಿಷ್ಠೆ ಆಟದ ಊರಿಗೆ ಸಿಗಲಿಲ್ಲ. ಹೆಸರು ಪರ್ಶಿಯಾ; ಒಳಗಿರುವುದು ಹಾಲಿವುಡ್ಡಿನ ಅರೇಬಿಯನ್ ನೈಟ್ಸ್. ಕಮಾನು, ಗುಂಬಜು, ರುಮಾಲು, ದುಷ್ಟ ವಜೀರ, ಅಸಹಾಯಕ ರಾಜಕುಮಾರಿ. ಕತ್ತಿವರಸೆಯನ್ನೂ 1938ರ ರಾಬಿನ್ ಹುಡ್ ಚಿತ್ರದಿಂದ ಇಳಿಸಿಕೊಂಡಿದ್ದಾರೆ! ಇನ್ನು ಜಾಫರ್. ಚರಿತ್ರೆಯ ಜಾಫರ್ ಬರ್ಮಕಿ ಬಾಗ್ದಾದಿನ ಖಲೀಫ ಹಾರೂನ್ ರಶೀದನ ವಜೀರ, ಬಲ್ಖ್ ಮೂಲದ ಮನೆತನದವನು. ಸುಶ್ರುತನ ವೈದ್ಯಗ್ರಂಥ ಅರಬಿಗೆ ಬಂದದ್ದು ಇವನ ತಂದೆ ಯಹ್ಯಾನ ಆಸಕ್ತಿಯಿಂದ. 803ರಲ್ಲಿ ಜಾಫರನನ್ನು ಕೊಲ್ಲಿಸಿದವನು ಖಲೀಫನೇ. ಸಾವಿರದೊಂದು ರಾತ್ರಿಗಳ ಕತೆಗಳಲ್ಲಿ ಅವನು ವೇಷ ಮರೆಸಿಕೊಂಡ ಖಲೀಫನ ಜೊತೆ ರಾತ್ರಿ ಊರು ಸುತ್ತುವ ಸಂಗಾತಿ. 'ಥೀಫ್ ಆಫ್ ಬಾಗ್ದಾದ್' ಎಂಬ 1940ರ ಚಿತ್ರ ಆ ಹೆಸರನ್ನು ಖಳನಿಗೆ ತೊಡಿಸಿತು. ಮೆಕ್ನರರ ಆಟವೂ, 1992ರ ಡಿಸ್ನಿಯ 'ಅಲ್ಲಾದೀನ್' ಚಿತ್ರವೂ ಅದೇ ದಾರಿ ಹಿಡಿದವು. ಹೀಗೆ ಕೊಲೆಯಾದವನು ನಮ್ಮ ಮಕ್ಕಳ ಪಾಲಿಗೆ ಕೊಲೆಗಡುಕನಾದ. ಇದರಲ್ಲಿ ದುರುದ್ದೇಶ ಹುಡುಕಬೇಕಾಗಿಲ್ಲ. ಸಹೋದರನ ಓಟವನ್ನು ಅಷ್ಟು ತಾಳ್ಮೆಯಿಂದ ನೋಡಿದ ಕಣ್ಣು ಒಂದು ನಾಡನ್ನು ನೋಡುವಾಗ ಸಿನಿಮಾ ನೆನಪಿಗೇ ತೃಪ್ತಿಪಟ್ಟಿತಲ್ಲ ಎಂಬುದಷ್ಟೇ ನನ್ನ ತಕರಾರು. 2024ರ 'ದಿ ಲಾಸ್ಟ್ ಕ್ರೌನ್' ಪಕ್ಕನೋಟದ ಆಟವಾಗಿಯೇ ಮರಳಿ ಬಂದು, ಕಾಫ್ ಪರ್ವತವನ್ನು ತೋರಿಸಿ, ಪಾತ್ರಗಳ ಬಾಯಲ್ಲಿ ಫಾರಸಿ ಆಡಿಸಿತು. ಅದಕ್ಕೆ ಮೂವತ್ತೈದು ವರ್ಷ ಬೇಕಾಯಿತು.

ಆದರೂ ಈ ಹಳೆಯ ಆಟವನ್ನು ನಾನು ಬಿಟ್ಟುಕೊಡಲಾರೆ. ಕಾರಣ ಆ ನೆರಳು. ಕಂಪ್ಯೂಟರಿನ ಸ್ಮರಣೆ ತುಂಬಿಹೋಗಿ ಹೊಸ ಎದುರಾಳಿಯ ಚಿತ್ರಗಳಿಗೆ ಜಾಗವೇ ಇರಲಿಲ್ಲ. ಆಗ ಮೆಕ್ನರ್ ನಾಯಕನ ಚಿತ್ರವನ್ನೇ ಕೂದಲೆಳೆಯಷ್ಟು ಸರಿಸಿ ಅದರ ಮೇಲೆಯೇ ಹೊಂದಿಸಿ ಮಿಣುಗುವ ಜೋಡಿಯೊಂದನ್ನು ಹುಟ್ಟಿಸಿದರು. ನಾಲ್ಕನೆಯ ಹಂತದಲ್ಲಿ ದಾರಿಗೆ ಕನ್ನಡಿ ಅಡ್ಡ ಬರುತ್ತದೆ. ಓಡಿಬಂದು ಅದರೊಳಗೆ ಹಾರಿದರೆ ಆಚೆ ಕಡೆಯಿಂದ ನಿಮ್ಮದೇ ನೆರಳು ಹಾರಿ ಓಡಿಹೋಗುತ್ತದೆ. ಮುಂದೆ ಅದು ನಿಮ್ಮ ಪಾಲಿನ ಮದ್ದು ಕುಡಿಯುತ್ತದೆ, ಮುಖದ ಮೇಲೆ ಬಾಗಿಲು ಹಾಕುತ್ತದೆ. ಕೊನೆಗೊಮ್ಮೆ ಕತ್ತಿ ಹಿರಿದು ಎದುರು ನಿಲ್ಲುತ್ತದೆ. ನೀವು ಇರಿದರೆ ಗಾಯ ನಿಮಗೇ.

ಅದನ್ನು ಕೊಂದು ಕೊಂದು ನಾವೇ ಸತ್ತೆವು. ಕತ್ತಿಯನ್ನು ಒರೆಗೆ ಸೇರಿಸಬೇಕೆಂಬುದು ಹೊಳೆಯಲು ನಮಗೆ ಎರಡು ವಾರ ಹಿಡಿಯಿತು. ಸೇರಿಸಿದೊಡನೆ ನೆರಳೂ ತನ್ನದನ್ನು ಸೇರಿಸಿತು. ಇಬ್ಬರೂ ಎದುರುಬದುರು ನಡೆದು ಒಂದಾದರು. ಮುಂದೆ ದಾರಿಯೇ ಇರಲಿಲ್ಲ, ಬರೀ ಪ್ರಪಾತ. ಕೀಲಿಮಣೆ ಆಗ ಜಾಫರನ ಕೈಯಲ್ಲಿತ್ತು. ಅವನು ಹುಡುಗನನ್ನು ಹಾಗೆಯೇ ಓಡಿಸಿದ. ಹೆಜ್ಜೆಯಿಟ್ಟಲ್ಲೆಲ್ಲ ಕಾಲಡಿಗೆ ನೆಲ ಮೂಡುತ್ತ ಹೋಯಿತು.