ಬ್ರೋಮೊ ನೋಡಲು ಜೀಪೇಕೆ?

ಭಾರತದ ಏಕೈಕ ಜೀವಂತ ಜ್ವಾಲಾಮುಖಿ ಅಂಡಮಾನಿನ ಬ್ಯಾರನ್ ದ್ವೀಪದಲ್ಲಿದೆ. ಅಲ್ಲಿ ಪ್ರವಾಸಿಗರು ಇಳಿಯುವಂತಿಲ್ಲ. ಹಡಗಿನಿಂದಲೇ ಹೊಗೆ ನೋಡಿ ವಾಪಸಾಗಬೇಕು. ಕೈಯಲ್ಲಿ ಹೆಚ್ಚು ಕಾಸಿಲ್ಲದೆ, ಯಾವ ಟೂರ್ ಕಂಪನಿಯ ಹಂಗೂ ಇಲ್ಲದೆ ಬೆಂಕಿಬೆಟ್ಟದ ಹತ್ತಿರ ಹೋಗಬೇಕೆನ್ನುವವರಿಗೆ ಪೂರ್ವ ಜಾವಾದ ಬ್ರೋಮೊ ಸೋವಿ ದಾರಿ. ಇಂಡೊನೇಷ್ಯಾ ತಲುಪಿದ ಮೇಲೆ ಕೊಡುವ ವೀಸಾಕ್ಕೆ 5 ಲಕ್ಷ ರುಪಿಯಾ ಎಂದು ಕೇಳಿದಾಗ ಎದೆ ಧಸಕ್ಕೆನ್ನುತ್ತದೆ. ನಮ್ಮ ಲೆಕ್ಕದಲ್ಲಿ ಅದು ಎರಡೂವರೆ–ಮೂರು ಸಾವಿರ ರೂಪಾಯಿ, ಅಷ್ಟೆ.

ಬ್ರೋಮೊ ಎಂದರೆ ಜನ ಕೊಳ್ಳುವುದು ಜೀಪಿನ ಪ್ಯಾಕೇಜು. ನಡುರಾತ್ರಿ ಕಳೆದ ಮೇಲೆ ಎಬ್ಬಿಸಿ, ಹಳೇ ಲ್ಯಾಂಡ್ ಕ್ರೂಸರಿನಲ್ಲಿ ತುಂಬಿ, 2,770 ಮೀಟರ್ ಎತ್ತರದ ಪೆನಂಜಕನ್ ದಿಬ್ಬಕ್ಕೆ ಒಯ್ಯುತ್ತಾರೆ. ಸೂರ್ಯೋದಯ, ಫೋಟೊ, ಬ್ರೋಮೊದ ಬಾಯಿಯಾದ ಕುಂಡದ ಬಳಿ ಸ್ವಲ್ಪ ಹೊತ್ತು, ಮತ್ತೆ ಹೋಟೆಲು. ದಿಬ್ಬದ ಮೇಲಿನ ನೂಕುನುಗ್ಗಲಿನಲ್ಲಿ ಎಷ್ಟೋ ಮಂದಿ ಬ್ರೋಮೊವನ್ನು ಕಾಣುವುದು ಮುಂದೆ ನಿಂತವರ ಮೊಬೈಲಿನ ಪರದೆಯಲ್ಲಿ. ದುಡ್ಡು ಕೊಟ್ಟು ಅವಸರ ಕೊಂಡಂತೆ.

ಸ್ವತಂತ್ರವಾಗಿ ಹೋಗುವ ದಾರಿ ಕಷ್ಟದ್ದೇನಲ್ಲ. ಸುರಬಾಯಾ ನಗರದಿಂದ ಪ್ರೊಬೊಲಿಂಗೊ ಪಟ್ಟಣಕ್ಕೆ ರೈಲಿದೆ, ಬಸ್ಸಿದೆ. ಅಲ್ಲಿಂದ ಚೆಮೊರೊ ಲವಾಂಗ್ ಎಂಬ ಹಳ್ಳಿಗೆ ಮಿನಿಬಸ್. ಅದಕ್ಕೆ ವೇಳಾಪಟ್ಟಿ ಎಂಬುದಿಲ್ಲ. ಸೀಟು ತುಂಬಿದರೆ ಹೊರಡುತ್ತದೆ, ತುಂಬದಿದ್ದರೆ ಇದ್ದವರೇ ಖಾಲಿ ಸೀಟಿನ ಬಾಡಿಗೆಯನ್ನೂ ಹಂಚಿಕೊಳ್ಳಬೇಕು. ಬೆಳಿಗ್ಗೆ ಬೇಗ ತಲುಪಿದವರಿಗೆ ಜೊತೆ ಸಿಗುತ್ತದೆ. ನಿಲ್ದಾಣಕ್ಕೆ ಮುಂಚೆಯೇ ಇಳಿಸಿ “ಇವತ್ತು ಬಸ್ಸೇ ಇಲ್ಲ” ಎಂದು ಪ್ಯಾಕೇಜು ಮಾರಲು ಬರುವವರು ಅಲ್ಲೂ ಇದ್ದಾರೆ. ನಗುತ್ತಾ ಮುಂದೆ ನಡೆದರೆ ಸಾಕು.

ಚೆಮೊರೊ ಲವಾಂಗ್ ಇರುವುದು ತೆಂಗರ್ ಎಂಬ ಮಹಾಕುಂಡದ ಅಂಚಿನಲ್ಲೇ. ಊರಿನ ಕೊನೆಯ ಮನೆಗಳಾಚೆ ನೆಲ ಕಡಿದಾಗಿ ಇಳಿಯುತ್ತದೆ. ಕೆಳಗೆ ಬೂದುಬಣ್ಣದ ಮರಳ ಬಯಲು, ನಡುವೆ ಬಾಯ್ತೆರೆದು ಹೊಗೆಯುಗುಳುವ 2,329 ಮೀಟರಿನ ಬ್ರೋಮೊ, ಪಕ್ಕದಲ್ಲಿ ಮಡಿಕೆ ಮಡಿಕೆಯ ಬಟೋಕ್, ಹಿಂದೆ ದೂರದಲ್ಲಿ ಜಾವಾದ ಅತಿ ಎತ್ತರದ ಬೆಟ್ಟ ಸೆಮೆರು. ಇಷ್ಟನ್ನೂ ಹೋಂಸ್ಟೇ ಹೊರಗೆ ಕುರ್ಚಿ ಹಾಕಿಕೊಂಡು ನೋಡಬಹುದು. ಇಲ್ಲಿನ ತೆಂಗರ್ ಜನ ಹಿಂದೂಗಳು, ಕಡಿದಾದ ಇಳಿಜಾರಿನಲ್ಲಿ ಎಲೆಕೋಸು, ಆಲೂಗಡ್ಡೆ, ಈರುಳ್ಳಿ ಸೊಪ್ಪು ಬೆಳೆಯುವವರು. ಜುಲೈ–ಆಗಸ್ಟಿನಲ್ಲಿ ಮರಳಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವುದೂ ಉಂಟು. ಸ್ವೆಟರ್ ಬಿಟ್ಟು ಹೋಗುವುದು ಉಳಿತಾಯವಲ್ಲ, ಮೂರ್ಖತನ.

ಹಳ್ಳಿಯಿಂದ ಬ್ರೋಮೊ ಕುಂಡಕ್ಕೆ ಸುಮಾರು 3 ಕಿಲೋಮೀಟರ್. ಜೀಪುಗಳೆಲ್ಲ ತೆರಳಿದ ಮೇಲೆ, ಬೆಳಿಗ್ಗೆ ಒಂಬತ್ತರ ನಂತರ, ನಡೆದು ಹೊರಟವರಿಗೆ ಬಯಲು ಬಹುಮಟ್ಟಿಗೆ ಖಾಲಿ. ಮರಳು ಕಾಲಡಿ ಜಾರುತ್ತದೆ, ಬೂಟಿನೊಳಗೆ ಸೇರುತ್ತದೆ. ಬುಡದಲ್ಲಿ ಪುರ ಲುಹುರ್ ಪೊಟೆನ್ ದೇವಸ್ಥಾನ, ಮುಂದೆ ಸುಮಾರು 250 ಮೆಟ್ಟಿಲು. ಗಾಳಿ ಬೂದಿ ತಂದು ಸುರಿದು ಕೆಲವನ್ನು ಅರ್ಧ ಮುಚ್ಚಿರುತ್ತದೆ. ಕುಂಡದ ಅಂಚು ಕಿರಿದು, ಕಟಕಟೆ ಒಂದಿಷ್ಟು ದೂರ ಮಾತ್ರ. ಅಲ್ಲೊಂದು ಪುಟ್ಟ ಗಣಪನ ವಿಗ್ರಹ. ಬೂದಿ ಮೆತ್ತಿದ ಮೈ, ಪಾದದ ಬಳಿ ಹೂವು. ಫೋಟೊದಲ್ಲಿ ಬರದೇ ಹೋಗುವುದು ಸದ್ದು. ಆಳದಿಂದ ನಿಲ್ಲದೆ ಏಳುವ ಮೊರೆತ ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ಗಾಳಿ ತಿರುಗಿದರೆ ಗಂಧಕದ ಘಾಟು, ಕಣ್ಣುರಿ, ಕೆಮ್ಮು. ಜ್ವಾಲಾಮುಖಿಯ ರುಚಿ ಹತ್ತಿದವರು ಹುಡುಕಿಕೊಂಡು ಹೋಗುವುದು ಇದನ್ನೇ.

ಆದರೆ ಇಲ್ಲೊಂದು ತೊಡಕಿದೆ. ಇಂಡೊನೇಷ್ಯಾದ ಜ್ವಾಲಾಮುಖಿ ಸಂಸ್ಥೆ ಪ್ರತಿ ಬೆಟ್ಟಕ್ಕೂ ನಾಲ್ಕು ಮಟ್ಟದ ಎಚ್ಚರಿಕೆ ಕೊಡುತ್ತದೆ. ಬ್ರೋಮೊ ಬಹುಕಾಲದಿಂದ ಎರಡನೆಯದರಲ್ಲಿದ್ದು, ಆ ಮಟ್ಟದಲ್ಲಿ ಕುಂಡದಿಂದ 1 ಕಿಲೋಮೀಟರ್ ದೂರ ಇರಿ ಎಂಬ ಸಲಹೆಯಿದೆ. ಅಂದರೆ ಮೆಟ್ಟಿಲು ಹತ್ತುವ ಸಾವಿರಾರು ಜನ ಅದನ್ನು ಮೀರಿಯೇ ಹತ್ತುತ್ತಾರೆ. ಇದು ಕಾಗದದ ಮೇಲಿನ ಮಾತಲ್ಲ. 2004ರ ಜೂನ್‌ನಲ್ಲಿ ಬ್ರೋಮೊ ಇದ್ದಕ್ಕಿದ್ದಂತೆ ಸಿಡಿದು ಇಬ್ಬರು ಸತ್ತರು. ಸುಮಾತ್ರಾದ ಮರಾಪಿ ಬೆಟ್ಟಕ್ಕೂ ಇದೇ ಎರಡನೇ ಮಟ್ಟವಿತ್ತು, 3 ಕಿಲೋಮೀಟರ್ ದೂರದ ಸಲಹೆಯಿತ್ತು; ಚಾರಣಕ್ಕೆ ಬಿಡುತ್ತಲೂ ಇದ್ದರು. 2023ರ ಡಿಸೆಂಬರ್ 3ರಂದು ಅದು ಸಿಡಿದಾಗ 24 ಚಾರಣಿಗರು ಸತ್ತರು. ನೆಲದಡಿಯ ನೀರು ಕಾದು ಹಠಾತ್ತನೆ ಆವಿಯಾಗಿ ಸ್ಫೋಟಿಸುವಾಗ ಮುನ್ಸೂಚನೆ ಬಹಳ ಸಲ ಸಿಗುವುದಿಲ್ಲ.

ಆದ್ದರಿಂದ ಕಡಿಮೆ ಖರ್ಚಿನ ಪ್ರವಾಸಿ ಎಲ್ಲಿ ಜಿಪುಣತನ ಮಾಡಬಾರದು ಎಂಬುದೂ ತಿಳಿದಿರಬೇಕು. ‘ಮಾಗ್ಮಾ ಇಂಡೊನೇಷ್ಯಾ’ ಆ್ಯಪ್‌ನಲ್ಲಿ ಆ ದಿನದ ಮಟ್ಟ ನೋಡುವುದಕ್ಕೆ ದುಡ್ಡು ಬೇಡ. ಮೂರನೇ ಮಟ್ಟವಾದರೆ ಹಳ್ಳಿಯ ಅಂಚೇ ಸಾಕು. ಕುಂಡದ ಅಂಚಿಗೆ ಹೋದರೂ ಅಲ್ಲೇ ಊಟ ಬಿಚ್ಚಿ ಕೂರದೆ, ಕಂಡು ಕೇಳಿ ಇಳಿಯುವುದು ಮೇಲು. ಆಸ್ತಮಾ ಇದ್ದವರು ಮೇಲೆ ಹೋಗದಿರುವುದೇ ಒಳ್ಳೆಯದು. ಒಂದು ರಾತ್ರಿಯ ಬದಲು ಎರಡು ರಾತ್ರಿ ಉಳಿಯುವ ಖರ್ಚಂತೂ ಸಾರ್ಥಕ. ಒಂದು ಬೆಳಿಗ್ಗೆ ಮಂಜು ಕವಿದರೆ ಇನ್ನೊಂದು ಕೈಯಲ್ಲಿರುತ್ತದೆ. ಜೀಪು ಬಿಟ್ಟರೆ ಆ ದುಡ್ಡು ತಾನೇ ಉಳಿಯುತ್ತದೆ.

ಬ್ರೋಮೊ ಇರುವ ಉದ್ಯಾನದ ಟಿಕೆಟ್ಟನ್ನು ಮೊದಲೇ ಆನ್‌ಲೈನಿನಲ್ಲಿ ತೆಗೆಯಬೇಕು. 2024ರ ಕೊನೆಯಿಂದ ವಿದೇಶಿಯರಿಗೆ 2,55,000 ರುಪಿಯಾ. ತೆಂಗರ್ ಜನ ಹೊತ್ತು ತಂದ ತರಕಾರಿ, ಕೋಳಿ, ಮೇಕೆಗಳನ್ನು ಕುಂಡಕ್ಕೆ ಅರ್ಪಿಸುವ, ಒಳ ಇಳಿಜಾರಿನಲ್ಲಿ ಬಲೆ ಹಿಡಿದು ನಿಂತವರು ಅವನ್ನು ಹಿಡಿದುಕೊಳ್ಳುವ ಯಜ್ಞ ಕಸಾದ ಹಬ್ಬವನ್ನು ನೋಡುವ ಆಸೆಯಿದ್ದವರು ದಿನಾಂಕವನ್ನು ಎರಡು ಸಲ ವಿಚಾರಿಸಿಕೊಳ್ಳಿ: ಈಚಿನ ವರ್ಷಗಳಲ್ಲಿ ಆ ದಿನಗಳಂದು ಪ್ರವಾಸಿಗರಿಗೆ ಬಾಗಿಲು ಮುಚ್ಚಿದ್ದುಂಟು.